ಬಲಗಡೆಯ ಸೀಟಿನ ಹೆಣ

ಅವರ ಎರಡೂ ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿರುತ್ತಿದ್ದವು. ಬೆರಳು ಸಡಿಲ, ಕಣ್ಣು ಮುಚ್ಚಿ, ಕುತ್ತಿಗೆ ಒಂದು ಕಡೆಗೆ ವಾಲಿರುತ್ತಿತ್ತು. ಎರಡೇ ಸೀಟಿನ ಪುಟ್ಟ ವಿಮಾನ. ಎಡಗಡೆ ಕಲಿಯುವ ನಾನು, ಬಲಗಡೆ ಕಲಿಸುವ ಗುರುಗಳು. ಕಲಬುರಗಿಯಲ್ಲಿ ಆಷಾಢದ ಗಾಳಿ ತಲೆಕೆಟ್ಟು ಬೀಸುವ ಮಧ್ಯಾಹ್ನಗಳನ್ನೇ ಹುಡುಕಿ ಮೇಲೆ ಕರೆದೊಯ್ಯುತ್ತಿದ್ದರು. ಇಳಿಯಲು ರನ್‌ವೇ ಎದುರಾದ ಕೂಡಲೇ ಹೇಳುತ್ತಿದ್ದರು: "ನಾ ಸತ್ತೀನಿ. ಹೆಣ ಮಾತಾಡಂಗಿಲ್ಲ. ಇನ್ನ ನೀ ಅದಿ, ಗಾಳಿ ಅದ."

ಅವರು ಕಮಲಾಪುರದವರು. ಮನೆಯ ತೋಟದ ಕೆಂಪು ಬಾಳೆಹಣ್ಣನ್ನು ಚೀಲದಲ್ಲಿ ತಂದು, ಗಾಳಿ ಜೋರಿದ್ದ ದಿನ ಮಾತ್ರ ನಮಗೆಲ್ಲ ಹಂಚುತ್ತಿದ್ದರು. ಹೊಸಬರು ಅದನ್ನು ಪ್ರೀತಿ ಎಂದುಕೊಂಡು ತಿನ್ನುತ್ತಿದ್ದರು. "ತಿನ್ನು, ತಿನ್ನು. ಹೊಟ್ಟ್ಯಾಗ ಏನರೆ ಇದ್ರಲ್ಲ ಹೊರಗ ಬರೋದು?" ವಾಂತಿ ಮಾಡಿಕೊಂಡವರು ವಿಮಾನವನ್ನು ತಾವೇ ತೊಳೆಯಬೇಕಿತ್ತು. ಗುರುಗಳು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಅದನ್ನು ನೋಡುತ್ತಿದ್ದರು. ನನ್ನ ಜೊತೆಗೆ ಸೇರಿದ್ದ ಒಬ್ಬ ಹುಡುಗ ಮೂರು ಸಲ ತೊಳೆದ. ನಾಲ್ಕನೆಯ ಸಲ ಎಲ್ಲರ ಮುಂದೆ, "ನಿನಗ ವಿಮಾನಕಿಂತ ಬಕೀಟೇ ಛಲೋ ಹಿಡೀಲಿಕ್ಕ ಬರ್ತದ, ಮನಿಗಿ ನಡಿ" ಎಂದರು. ಅವನೀಗ ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರಕ್ಕೆ ಕೂತಿದ್ದಾನೆ. ವಿಮಾನದ ಸದ್ದು ಕೇಳಿದರೆ ಇಂದಿಗೂ ತಲೆ ಎತ್ತುವುದಿಲ್ಲ.

ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾನು ಅಳುತ್ತ ಬಂದಾಗಲೆಲ್ಲ ಅವ್ವ ಕೇಳುತ್ತಿದ್ದಳು: "ಅಂವ ಮನಶ್ಯಾ ಹೌದೋ ಅಲ್ಲೋ?" ಸತ್ತವರನ್ನು ತೆಂಗಿನಕಾಯಿಗೆ ಹೋಲಿಸಿ, ಹೊರಗೆ ಗಟ್ಟಿ, ಒಳಗೆ ಮೆತ್ತಗೆ ಎನ್ನುವ ರೂಢಿ ಇದೆ. ನಾನು ಒಡೆದು ನೋಡಿದ್ದೇನೆ. ಒಳಗೂ ಚಿಪ್ಪೇ ಇತ್ತು.

ಆದರೆ ವಿದ್ಯೆ ಬಂಗಾರ. ನೆಲದ ಮೇಲೆ ಒಂದೇ ಸಲ ಹೇಳುತ್ತಿದ್ದರು. ಗಾಳಿ ಬಿಟ್ಟು ಬಿಟ್ಟು ಹೊಡೆಯುತ್ತಿದ್ದರೆ ವೇಗ ಸ್ವಲ್ಪ ಹೆಚ್ಚಿಟ್ಟುಕೋ. ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸು, ಕಾಲಿನಿಂದ ಮೂತಿ ನೇರ ಮಾಡು, ಆ ಕಡೆಯ ಚಕ್ರ ಮೊದಲು ಊರಲಿ. ಮನಸ್ಸು ಒಪ್ಪದಿದ್ದರೆ ಪೂರ್ತಿ ಎಂಜಿನ್ ಕೊಟ್ಟು ಮತ್ತೆ ಮೇಲೇರು. "ಗಾಳಿ ಸಂಗಟ ಜಗಳ ತೆಗೀಬ್ಯಾಡ. ನೆಲ ಎಲ್ಲಿಗೂ ಓಡಿ ಹೋಗಂಗಿಲ್ಲ, ಇನ್ನೊಮ್ಮಿ ಬಾ." ಎರಡನೆಯ ಸಲ ಕೇಳಿದರೆ ಬಾಳೆಹಣ್ಣಿನ ಸಿಪ್ಪೆ ಮುಖಕ್ಕೆ ಬರುತ್ತಿತ್ತು.

ಒಂದು ಮಧ್ಯಾಹ್ನ ಹತ್ತುವ ಮೊದಲೇ ಹೇಳಿದರು: "ಇವತ್ತ ನೆಟ್ಟಗ ಇಳಿಸಲಿಲ್ಲಂದ್ರ ನಾಳಿಂದ ಬರಬ್ಯಾಡ." ಗಂಜಿನ ಆ ಹುಡುಗ ಕಣ್ಣ ಮುಂದೆ ಬಂದ. ರನ್‌ವೇ ಎದುರಾಯಿತು, ಗುರುಗಳು ಸತ್ತರು. ನೆಲ ಇನ್ನೇನು ಸಿಕ್ಕಿತು ಎನ್ನುವಾಗ ಗಾಳಿ ಎಡ ರೆಕ್ಕೆಯನ್ನು ಎತ್ತಿಬಿಟ್ಟಿತು. ಮೇಲೇರಬೇಕಿತ್ತು. ಮೇಲೇರಿದರೆ ಸೋತೆ ಎಂದುಕೊಳ್ಳುತ್ತಾರೆಂಬ ಭಯಕ್ಕೆ ಒತ್ತಾಯದಿಂದ ಇಳಿಸಲು ಹೋದೆ. ವಿಮಾನ ನೆಲಕ್ಕೆ ಬಡಿದು ಪುಟಿಯಿತು, ಮತ್ತೆ ಬಡಿಯಿತು, ಒಂದೇ ಚಕ್ರದ ಮೇಲೆ ಹುಲ್ಲಿನ ಕಡೆಗೆ ವಾಲಿತು.

"ಸರ್, ಹಿಡೀರಿ!" ಎಂದು ಚೀರಿದೆ.

ಅವರು ಕಣ್ಣು ತೆರೆಯಲಿಲ್ಲ. "ಹೆಣ ಹಿಡೀತದೇನು?"

ಆ ಕ್ಷಣ ಇವರು ಖರೇನೇ ಸಾಯಲಿ ಎಂದು ಬಯಸಿದೆ. ಆ ಸಿಟ್ಟಿನಲ್ಲೇ ಕೈ ಮುಂದಕ್ಕೆ ಹೋಗಿ ಎಂಜಿನ್ ಪೂರ್ತಿ ಕೊಟ್ಟಿತು. ಮೇಲೇರಿ ಒಂದು ಸುತ್ತು ಹೊಡೆದು ಬಂದು ಅವರು ಹೇಳಿದಂತೆಯೇ ಮಾಡಿದೆ. ಎಡ ಚಕ್ರ ಊರಿತು, ಆಮೇಲೆ ಬಲದ್ದು, ಕೊನೆಗೆ ಮೂತಿಯದು. ವಿಮಾನ ನಿಂತ ಮೇಲೆ ಹೆಣ ಎದ್ದು ಬೆಲ್ಟು ಬಿಚ್ಚಿಕೊಂಡಿತು. "ಮೊದಲನೇದಕ್ಕ ನಾಚಿಕಿ ಬರಬೇಕು ನಿನಗ" ಎಂದು ಇಳಿದು ಹೋದರು.

ಮೂರನೆಯ ದಿನ, ಗಾಳಿ ನಿಂತ ಬೆಳಿಗ್ಗೆ, ನನ್ನೊಬ್ಬಳನ್ನೇ ಹಾರಲು ಬಿಟ್ಟರು. ಮೊದಲ ಸಲ ಒಂಟಿಯಾಗಿ ಹಾರಿ ಬಂದವರ ತಲೆಯ ಮೇಲೆ ಬಕೆಟ್ ನೀರು ಸುರಿದು ಕುಣಿಯುವುದು ನಮ್ಮಲ್ಲಿ ಪದ್ಧತಿ. ಗೆಳೆಯರು ನೀರು ಹಿಡಿದು ಓಡಿ ಬಂದರು. ಗುರುಗಳು ತಡೆದರು. "ನೀರು ಹಾಕೋವಂಥಾದ್ದು ಏನೂ ಮಾಡಿಲ್ಲ ಈಕಿ." ಆ ಬಕೆಟನ್ನು ನನ್ನ ಕೈಗೇ ಕೊಟ್ಟು ವಿಮಾನ ತೊಳೆಸಿದರು. ಅವ್ವ ಬೇಲಿಯಾಚೆ ಪೇಡೆಯ ಡಬ್ಬಿ ಹಿಡಿದು ನಿಂತು ಎಲ್ಲವನ್ನೂ ನೋಡಿದಳು. ಅದನ್ನು ನಾನು ಕ್ಷಮಿಸಿಲ್ಲ.

ವರ್ಷಗಳ ಮೇಲೆ, ಬೇರೆ ಊರಿನಲ್ಲಿ, ಒಬ್ಬಳೇ ಇಳಿಯಲು ಬರುವಾಗ ಮೋಡವಿಲ್ಲದ ಆಕಾಶದಲ್ಲಿ ಗಾಳಿ ಎದ್ದಿತು. ರೆಕ್ಕೆ ಎತ್ತಿತು. ಅಭ್ಯಾಸಬಲದಿಂದ ಬಲಗಡೆ ನೋಡಿದೆ. ಸೀಟು ಖಾಲಿ ಇತ್ತು. ಖಾಲಿ ಸೀಟಿನ ಪಕ್ಕದಲ್ಲಿ ಇಳಿಸುವುದು ನನಗೇನೂ ಹೊಸದಾಗಿರಲಿಲ್ಲ. ಎರಡು ಸಲ ಮೇಲೇರಿದೆ, ಮೂರನೆಯ ಸಲ ಇಳಿದೆ. ಬದುಕಿದ್ದೇನೆ, ಅವರಿಂದಲೇ ಬದುಕಿದ್ದೇನೆ.

ಹೋದ ವರ್ಷ ತೀರಿಕೊಂಡರು. ಕಮಲಾಪುರಕ್ಕೆ ಹೋದಾಗ ಅಂಗಳದಲ್ಲಿ ಮೈ ತೊಳೆಯುತ್ತಿದ್ದರು. ಅವರ ಮಂದಿಯಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಆನಿಸಿ ಕೂಡಿಸಿದ್ದರು. ಕಣ್ಣು ಮುಚ್ಚಿತ್ತು, ಎರಡೂ ಕೈ ತೊಡೆಯ ಮೇಲೆ ಅಂಗಾತ. ಯಾರೋ ಕುತ್ತಿಗೆ ನೇರ ಮಾಡಿದರು. ಅದು ಮತ್ತೆ ವಾಲಿತು.

ಅವರ ಹೆಂಡತಿ ನನ್ನ ಕೈಗೆ ನೀರಿನ ಚರಗಿ ಕೊಟ್ಟರು. "ಬಾರವ್ವ, ನೀನೂ ನೀರು ಹಾಕು. ಅವರ ಕೈಯಾಗ ಕಲ್ತಾಕಿ."

'ನೀರು ಹಾಕೋವಂಥಾದ್ದು ಏನ್ ಮಾಡ್ಯಾರ ಇವರು?' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಎಷ್ಟೋ ವರ್ಷ ಮಸೆದಿಟ್ಟುಕೊಂಡ ಮಾತು. ನುಂಗಿಕೊಂಡು ಚರಗಿಯನ್ನು ಅವರ ತಲೆಯ ಮೇಲೆ ಒಮ್ಮೆಲೇ ಬೋರಲು ಹಾಕಿದೆ. ನೀರು ಮುಖದಿಂದ ಇಳಿದು ಆ ಅಂಗೈಗಳಲ್ಲಿ ನಿಂತಿತು. ಈಗ ಕಣ್ಣು ತೆರೆದು ಬೈಯುತ್ತಾರೆ, ಬೈಯಲಿ ಎಂದು ಕಾದೆ. ಹಿಂದೆ ನಿಂತಿದ್ದವರು ಚರಗಿ ಕೇಳುವವರೆಗೂ ಕಾದೆ.