ಚಂದ್ರಾಬಾಯಿಯ ಸವತಿ ಹಕ್ಕಿ

ಇಚಲಕರಂಜಿಯ ಚಂದ್ರಾಬಾಯಿಗೆ ಒಂದು ಹಕ್ಕಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿತ್ತು. ಓಣಿಯ ಹೆಂಗಸರು ನಗುತ್ತಿದ್ದರು. ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ.

ಅವಳ ಗಂಡ ಧೊಂಡಿಬಾ ಹರೆಯದಿಂದಲೂ ಪವರ್‌ಲೂಮ್ ಕಾರ್ಖಾನೆಯಲ್ಲಿ ದುಡಿದವನು. ಮಗ್ಗಗಳ ಖಟಖಟ ಸದ್ದಿನಲ್ಲಿ ನಿಂತೂ ನಿಂತೂ ಕಿವಿ ಮಂದವಾಗಿತ್ತು. ಕೊಲ್ಹಾಪುರದ ಡಾಕ್ಟರು ಕೊಟ್ಟ ಕಿವಿಯ ಮಷೀನು ಕಪಾಟಿನಲ್ಲಿ ಬಿದ್ದಿತ್ತು. "ಅದನ್ನ ಹಾಕ್ಕೊಂಡ್ರ ತಲಿಯಾಗ ಮಗ್ಗ ನಡದಂಗ ಆಗತೈತಿ" ಎನ್ನುತ್ತಿದ್ದ. ಚಂದ್ರಾಬಾಯಿ ಏನು ಹೇಳಿದರೂ "ಆಂ?" ಎಂಬುದೇ ಉತ್ತರ. ತಂಗಿ ತೀರಿಕೊಂಡ ದಿನ ಅವಳು ಅತ್ತು ತೋಡಿಕೊಂಡ ಸಂಕಟಕ್ಕೂ ಅವನು "ಆಂ?" ಎಂದಿದ್ದ. ಅಂದಿನಿಂದ ಅವಳು ಮನಸ್ಸಿನ ಮಾತು ಹೇಳುವುದನ್ನೇ ಬಿಟ್ಟಳು. ಊಟ, ಚಹಾ, ಸಂತೆ ಎಲ್ಲವೂ ಕೈಸನ್ನೆಯಲ್ಲೇ ನಡೆಯಿತು.

ಒಂದು ಮಳೆಗಾಲದಲ್ಲಿ ಇಬ್ಬರೂ ಗಡಹಿಂಗ್ಲಜದಲ್ಲಿರುವ ಮಗಳು ಮೋನಾಲಿಯ ಮನೆಗೆ ಹೋದರು. ಅಳಿಯ ರತ್ನದೀಪ ಮಾವನನ್ನು ಬೈಕಿನಲ್ಲಿ ಅಂಬೋಲಿ ಘಟ್ಟದ ಕಡೆ ಸುತ್ತಾಡಿಸಿ ತಂದ. ತೊಯ್ದು ತೊಪ್ಪೆಯಾಗಿ ಬಂದ ಧೊಂಡಿಬಾನ ಮುಖ ಅರಳಿತ್ತು.

"ಹಳ್ಳದಾಗ ಬಂಡೆಗಲ್ಲಿನ ಮ್ಯಾಲ ಒಂದು ಕರೀ ಹಕ್ಕಿ ಶಿಳ್ಳಿ ಹೊಡೀತಿತ್ತು. ಆ ನೀರಿನ ಸಪ್ಪಳ ದಾಟಿ ಬಂತು ನೋಡು! ಸ್ವಚ್ಛ ಕೇಳಿಸ್ತು ನನಗ!"

"ಅದು ಶೀಳ ಕಸ್ತೂರ, ಪಪ್ಪಾ. ಶಿಳ್ಳಿ ಹೊಡಿಯೂ ಹಕ್ಕಿಗೆ ಮರಾಠಿಯಾಗ ಹಂಗ ಅಂತಾರ" ಎಂದು ಮೋನಾಲಿ ಸಂತೋಷಪಟ್ಟಳು.

ರೊಟ್ಟಿ ಬಡಿಯುತ್ತಿದ್ದ ಚಂದ್ರಾಬಾಯಿಯ ಕೈ ನಿಂತಿತು. "ಇಷ್ಟ ವರ್ಷ ನಾ ಕರದದ್ದು ಕೇಳಸಲಿಲ್ಲ. ಹಕ್ಕಿ ಕರದದ್ದು ಕೇಳಿಸ್ತೇನ್ರೀ?"

"ಆಂ?" ಎಂದ ಧೊಂಡಿಬಾ.

ಆಮೇಲೆ ರಜೆ ಸಿಕ್ಕಾಗಲೆಲ್ಲ ಅವನು ಗಡಹಿಂಗ್ಲಜದ ಬಸ್ಸು ಹತ್ತತೊಡಗಿದ. ಅಳಿಯ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟ ಹಕ್ಕಿಯ ಹಾಡನ್ನು ಕಿವಿಗೆ ಒತ್ತಿಕೊಂಡು ಚಹಾ ಕುಡಿಯುತ್ತಿದ್ದ. ಅವನ ತುಟಿಯ ಮೇಲಿನ ನಗು ನೋಡಿದರೆ ಚಂದ್ರಾಬಾಯಿಯ ಎದೆ ಉರಿಯುತ್ತಿತ್ತು. "ಏನ್ರಿ ವೈನಿ, ನಿಮ್ಮ ಸವತಿ ಇವತ್ತ ಏನ್ ಹಾಡಿದ್ಲು?" ಎಂದು ನೆರೆಯವಳು ಕೆಣಕಿದ ದಿನ ಅವಳು ಆ ಹಾಡನ್ನು ಫೋನಿನಿಂದ ಅಳಿಸಿಹಾಕಿದಳು. ಸಂಜೆಯೊಳಗೆ ಅಳಿಯ ಮತ್ತೆ ಕಳಿಸಿದ.

"ನಾನೂ ಬರ್ತೇನಿ" ಎಂದು ಮುಂದಿನ ಸಲ ಅವಳೂ ಹೊರಟಳು.

ಘಟ್ಟದ ಹಳ್ಳ ನೊರೆಯೆದ್ದು ಧುಮುಕುತ್ತಿತ್ತು. ಜಾರುವ ಕಲ್ಲುಗಳ ಮೇಲೆ ಧೊಂಡಿಬಾ ಅವಳ ಕೈ ಹಿಡಿದು ನಡೆಸಿದ. ಹಾಗೆ ಕೈ ಹಿಡಿದು ಎಷ್ಟು ವರ್ಷವಾಗಿತ್ತೋ, ಅವಳ ಸಿಟ್ಟು ಅರ್ಧ ಇಳಿಯಿತು. ಅಷ್ಟರಲ್ಲಿ ಎದುರಿನ ಬಂಡೆಯ ಮೇಲೆ ಹಕ್ಕಿ ಬಂದು ಕೂತಿತು. ಕಪ್ಪು ಮೈ, ಹೆಗಲ ಮೇಲೆ ಮಿರುಗುವ ನೀಲಿ. ನೀರಿನಂಚಿನಿಂದ ಸಣ್ಣ ಏಡಿಯೊಂದನ್ನು ಎಳೆದು, ಕಲ್ಲಿಗೆ ಬಡಿದು ನುಂಗಿ, ಶಿಳ್ಳೆ ಹಾಕಿತು.

ಧೊಂಡಿಬಾ ಅವಳ ಕೈ ಬಿಟ್ಟ.

ಚಂದ್ರಾಬಾಯಿ ಬಗ್ಗಿ ಕಲ್ಲೆತ್ತಿ ಬೀಸಿದಳು. ಕಲ್ಲು ಗುರಿ ತಪ್ಪಿ ನೀರಿಗೆ ಬಿತ್ತು. ಹಕ್ಕಿ ಹಾರಿಹೋಯಿತು.

"ಯಾಕ ಹೊಡದಿ?" ಧೊಂಡಿಬಾ ತಿರುಗಿ ನಿಂತ.

"ಅದರ ಹಾಡು ಬೇಕು ನಿಮಗ! ತಂಗಿ ಸತ್ತಾಗ ನಾ ಅತ್ತದ್ದಕ್ಕ ಆಂ ಅಂದ್ರಿ!" ಅವಳು ಗಂಟಲು ಹರಿಯುವಂತೆ ಕೂಗಿದಳು.

ಧೊಂಡಿಬಾ ಅವಳ ತುಟಿಯನ್ನೇ ನೋಡುತ್ತಿದ್ದ. ಮಗ್ಗಗಳ ಗದ್ದಲದಲ್ಲಿ ಜೊತೆಗಾರರ ಮಾತನ್ನು ಅವನು ತಿಳಿದುಕೊಳ್ಳುತ್ತಿದ್ದದ್ದು ಹಾಗೆಯೇ; ಮನೆಯಲ್ಲಿ ಹಾಗೆ ನೋಡುತ್ತಿದ್ದದ್ದು ಅಪರೂಪ. ಅವಳ ಹತ್ತಿರ ಬಂದು ಹೇಳಿದ:

"ಅವತ್ತ ನನಗ ತಿಳಿದಿತ್ತು, ಚಂದ್ರಾ. ಏನ್ ಹೇಳಿ ಸಮಾಧಾನ ಮಾಡ್ಲಿ ಅನ್ನೂದು ತಿಳೀಲಿಲ್ಲ. ಅದಕ ಆಂ ಅಂದ್ನಿ."

ಅವಳು ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ಅವನು ಎದುರಿಗೆ ಕೂತ. ತಂಗಿಯ ಬಗ್ಗೆ ಅಂದು ಹೇಳಿದ್ದನ್ನೆಲ್ಲ ಅವಳು ಇನ್ನೊಮ್ಮೆ ಹೇಳಿದಳು. ಅವನು ಮುಖ ತಿರುಗಿಸಲಿಲ್ಲ.

ಈಗಲೂ ಮಳೆಗಾಲದಲ್ಲಿ ಇಬ್ಬರೂ ಅಲ್ಲಿಗೆ ಹೋಗುತ್ತಾರೆ. ಅವಳು ಕಲ್ಲೆತ್ತುವುದಿಲ್ಲ. ಆದರೆ ಹಕ್ಕಿ ಹಾಡುವಷ್ಟೂ ಹೊತ್ತು ಅವಳ ಹುಬ್ಬು ಗಂಟಿಕ್ಕಿರುತ್ತದೆ.

"ಹೆಂಗ ಹಾಡ್ತೈತಿ ಅವ್ವಾ, ಚಲೋ ಐತಿಲ್ಲೋ?" ಎಂದು ಒಮ್ಮೆ ಮೋನಾಲಿ ಕೇಳಿದಳು.

"ಹಾಡ್ತೈತಿ" ಎಂದಳು ಚಂದ್ರಾಬಾಯಿ. "ಆದ್ರ ಭಾಳ ಸೊಕ್ಕು ಅದಕ್ಕ."