ನಾಲ್ಕನೆಯ ಗುಂಡಿ

ಕಪಿಲೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ನಂಜನಗೂಡಿನ ಹೊಳೆದಂಡೆಯ ರುದ್ರಭೂಮಿಯಲ್ಲಿ ಹುಚ್ಚಯ್ಯ ಎದೆಮಟ್ಟದ ಗುಂಡಿಯೊಳಗೆ ನಿಂತು ಅದರ ಗೋಡೆಯಲ್ಲಿ ಗೂಡು ಕೊರೆಯುತ್ತಿದ್ದಾನೆ. ಲಿಂಗಾಯತರ ಮನೆಯ ಸಾವು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು ಆ ಗೂಡಿನಲ್ಲಿ ಕೂರಿಸುತ್ತಾರೆ. ಕೊರೆದಾದ ಮೇಲೆ ಹುಚ್ಚಯ್ಯ ತಾನೇ ಒಳಗೆ ಕೂತು ತಲೆ ತಗಲುವುದೇ ಎಂದು ನೋಡುತ್ತಾನೆ.

"ನಮ್ಮಪ್ಪನೂ ಇಂಗೇ ಕೂತು ನೋಡೋನು ಸಾ. ಬದುಕಿರೋನ್ಗೇ ಇಕ್ಕಟ್ಟಾದ್ರೆ ಸತ್ತೋರು ಎಂಗಿದ್ದಾರು?" ಎಂದು ಮೇಲೆ ನಿಂತ ನನ್ನತ್ತ ನೋಡಿ ನಗುತ್ತಾನೆ.

ಹೋದ ಮಳೆಗಾಲದ ಮಾತೆತ್ತಿದರೆ ನಗು ನಿಲ್ಲುತ್ತದೆ.

ಎರಡನೆಯ ಮಹಾಯುದ್ಧ ಮುಗಿದು, ವಿಮಾನಗಳು ಬಾಡಿಗೆಗೂ ಸಿಗತೊಡಗಿರುವ ಕಾಲವಿದು. ವರ್ತಕರೊಬ್ಬರು ಮಗಳ ಮದುವೆಗೆಂದು ಗೊತ್ತುಮಾಡಿದ್ದ ವಿಮಾನ ಮೈಸೂರಿನಿಂದ ಹೊರಟು, ಮೋಡ ಕವಿದಿದ್ದ ತೆಂಕಣ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ ನಾಲ್ವರೂ ಸತ್ತರು. ಅವರಲ್ಲಿ ಲಿಂಗಾಯತರೆಂದರೆ ಮದುವೆಯ ಅಡುಗೆಗೆ ಹೊರಟಿದ್ದ ಹೆಡತಲೆ ಊರಿನ ಸಿದ್ದಮಲ್ಲಪ್ಪ ಒಬ್ಬರೇ. ಗೋಣಿಯಲ್ಲಿ ಸುತ್ತಿ ಇಳಿಸಿದ ಸುಟ್ಟ ದೇಹಗಳಲ್ಲಿ ಯಾರು ಯಾರೆಂದು ಹೇಳುವವರಿರಲಿಲ್ಲ. ಕೊರಳ ಲಿಂಗವೂ ಸಿಗಲಿಲ್ಲ. ಒಂದೇ ಉದ್ದನೆಯ ಗುಂಡಿ ತೆಗೆದು ಎಲ್ಲರನ್ನೂ ಮಲಗಿಸೆಂದು ತಾಲ್ಲೂಕು ಕಚೇರಿಯಿಂದ ಅಪ್ಪಣೆಯಾಯಿತು.

ಸಿದ್ದಮಲ್ಲಪ್ಪನವರ ಹೆಂಡತಿ ದೇವೀರಮ್ಮ ಹುಚ್ಚಯ್ಯನ ಸನಿಕೆಯನ್ನೇ ಹಿಡಿದುಕೊಂಡರು. "ನಮ್ ಯಜಮಾನ್ರನ್ನ ಮಾತ್ರ ಮಲಗಿಸ್ಬ್ಯಾಡ ಕಣೋ ಉಚ್ಚಯ್ಯ."

ಹುಚ್ಚಯ್ಯ ನಾಲ್ಕು ಗುಂಡಿ ತೋಡಿ ನಾಲ್ಕು ಗೂಡು ಕೊರೆದ.

"ತಲೆಕೆಟ್ಟೈತೇನ್ಲಾ?" ಎಂದು ಕಚೇರಿಯ ಜವಾನ ಗದರಿದ.

"ಎಸ್ರೇ ಉಚ್ಚಯ್ಯ ಅಲ್ವರಾ ಬುದ್ದಿ. ಎಲ್ಲಾರ್ನೂ ಕೂರಿಸ್ತೀನಿ. ಒಬ್ಬರ್ಗೆ ಸರಿಯೋಯ್ತದೆ, ಉಳಿದೋರು ಬೇಜಾರ್ ಮಾಡ್ಕಳಾಕಿಲ್ಲ."

ಮೂವರು ಕೂತರು. ನಾಲ್ಕನೆಯ ದೇಹ ಬೆಂಕಿಗೆ ಸೆಟೆದುಹೋಗಿತ್ತು, ಮಡಿಸಲು ಬರಲಿಲ್ಲ. ಕಾಲು ಮುರಿದು ಕೂರಿಸು ಎಂದರು ಯಾರೋ. ಹುಚ್ಚಯ್ಯನಿಗೆ ಕೈ ಏಳಲಿಲ್ಲ. ಗೂಡು ಮುಚ್ಚಿ, ಗುಂಡಿಯನ್ನು ಉದ್ದ ಮಾಡಿ, ಮಲಗಿಸಿದ. ದೇವೀರಮ್ಮನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಈಗ ಸೋಮವಾರ ಸೋಮವಾರ ಅವರು ಬರುತ್ತಾರೆ. ನಾಲ್ಕಕ್ಕೂ ವಿಭೂತಿ, ಬಿಲ್ವಪತ್ರೆ ಇಡುತ್ತಾರೆ, ಮಲಗಿರುವವರಿಗೇ ಮೊದಲು. ಹೋದ ವಾರ ಹುಚ್ಚಯ್ಯ ತಡೆಯಲಾರದೆ, "ಅದ್ರಲ್ಲಿರೋದು ಅವ್ರಲ್ಲ ಅನ್ಕಳಿ ಅವ್ವಾರೇ" ಎಂದ.

"ಆಗಿದ್ರೂ ಆಗ್ಲಿ ಬುಡು," ಎಂದರು ದೇವೀರಮ್ಮ. "ಒಲೆ ಮುಂದೆ ನಿಂತೂ ನಿಂತೂ ಸವೆದೋರು. ಎಲ್ಲಾರೂ ಉಂಡ ಮ್ಯಾಲೇ ಅವ್ರು ಮಲಗ್ತಿದ್ದದ್ದು."

ಮಳೆ ಬಿದ್ದಾಗಲೆಲ್ಲ ಆ ನಾಲ್ಕನೆಯ ಗುಂಡಿಯ ಮಣ್ಣು ಕುಸಿಯುತ್ತದೆ. ಇಂದಿನ ಗುಂಡಿಯ ಹಸಿ ಮಣ್ಣನ್ನು ಹುಚ್ಚಯ್ಯ ಮಂಕರಿಯಲ್ಲಿ ತಂದು ಸುರಿದು, ಅಂಗೈಯಿಂದ ಮೆಲ್ಲಗೆ ತಟ್ಟುತ್ತಾನೆ.

"ಆ ಅವ್ವ ಅಂಗಂದ್ರು, ದೊಡ್ಡೋರು. ನಂಗಿರೋ ಆಸೆ ಒಂದೇಯ ಸಾ. ಕೂತಿರೋ ಮೂವರಲ್ಲಿ ಆ ಯಜಮಾನ್ರು ಇರ್ಲಿ."