ರೈಟರು ಸೆಂಟ್ ಹೇಳದ ಹೂಮಳೆ

ಫೋನಿನಲ್ಲಿ ಟೈಪು ಮಾಡುವುದನ್ನು ಕಲಿತು ತಿಂಗಳಾಯಿತಷ್ಟೆ. ಇವತ್ತು ಬೆಳಿಗ್ಗೆ ತೆಗೆದರೆ, ರಾತ್ರಿ ನಮ್ಮೂರು ಹಾನುಬಾಳಿನಲ್ಲಿ ೨೩.೪೭ ಮಿಲಿಮೀಟರ್ ಮಳೆ ಎಂದು ತೋರಿಸಿತು. ಹಿತ್ತಲಿಗೆ ಹೋಗಿ ನೋಡಿದೆ, ಒಗೆಯುವ ಕಲ್ಲು ಕೂಡ ನೆನೆದಿರಲಿಲ್ಲ. ಆ ಕೊನೆಯ ಏಳನ್ನು ಕಂಡವರು ಯಾರು? ಅನುಮಾನ ಬಂದೊಡನೆ ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರು ನೆನಪಾದರು...

ತೊಂಬತ್ತರ ದಶಕದಲ್ಲಿ ನಮ್ಮ ಸುತ್ತಿನ ತೋಟದವರಿಗೆಲ್ಲ ಮಳೆ ಅಳೆದು ಹೇಳುತ್ತಿದ್ದವರು ಅವರೇ. ಮಳೆಯ ಲೆಕ್ಕ ಸೆಂಟಿನಲ್ಲಿ, ನೂರು ಸೆಂಟಿಗೆ ಒಂದಿಂಚು. ಅವರ ಅಳತೆಯ ಗಾಜಿನಲ್ಲಿ ಸಣ್ಣ ಗೆರೆಗಳೆಲ್ಲ ಅಳಿಸಿ, ಹತ್ತು ಸೆಂಟಿಗೊಂದರಂತೆ ದೊಡ್ಡವು ಮಾತ್ರ ಉಳಿದಿದ್ದವು. ಆದರೂ ಬೇಲಿಯಾಚೆಯಿಂದ “ನಲವತ್ತೇಳು ಸೆಂಟ್!” ಎಂದು ಕೂಗುತ್ತಿದ್ದರು. ನನಗೆ ಆ ಏಳಿನ ಮೇಲೇ ಕಣ್ಣು.

“ಗೆರೆನೇ ಇಲ್ಲ, ಏಳು ಎಲ್ಲಿಂದ ಬಂತು ರೈಟ್ರೇ? ಜೇಬಿಂದ ತೆಗುದ್ರಾ?”

“ನಲವತ್ತು ಗಾಜಿಂದು, ಏಳು ನನ್ ಕಣ್ಣಂದಾಜು ಕಣಮ್ಮ. ಗೆರೆ ಮಧ್ಯೆ ಒಂದ್ ಅಂಕಿ ಅಂದಾಜು ಮಾಡ್ಬೋದು. ಅದ್ರಿಂದಾಚೆ ಹೇಳುದ್ರೆ ಸುಳ್ಳು.”

ನಂಬಿದೆನೆಂದಲ್ಲ...

ಒಂದು ಬೇಸಿಗೆ ಹೂಮಳೆ ಬಿತ್ತು. ಕಾಫಿ ಮೊಗ್ಗಿಗೆ ಅದು ಇಂಚಿನಷ್ಟಾದರೂ ಬೇಕು. ಕಡಿಮೆಯಾದರೆ ಅರಳದೆ ಕರಟಿ, ವರ್ಷದ ಬೆಳೆಯೇ ಹೋಗುತ್ತದೆ. ಅಂದು ರೈಟರು “ಒಂದಿಂಚು” ಎಂದಷ್ಟೇ ಕೂಗಿದರು, ಸೆಂಟ್ ಹೇಳಲಿಲ್ಲ.

ನಮ್ಮ ಯಜಮಾನರಿಗೆ ಖುಷಿ. “ಇಂಚು ತುಂಬ್ತಲ್ಲ, ಸ್ಪ್ರಿಂಕ್ಲರ್ ಬ್ಯಾಡ ಬುಡು.”

“ಸೆಂಟ್ ಎಲ್ಲೋಯ್ತು? ಏನೋ ಮುಚ್ಚಿಡ್ತಾವ್ರೆ.”

“ನಿನ್ ಅನುಮಾನಕ್ಕೆ ಮದ್ದಿಲ್ಲ ಮಾರಾಯ್ತಿ!”

ನೆಟ್ಟಗೆ ಬೇಲಿ ದಾಟಿದೆ. ರೈಟರು ಗಾಜನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು, ನೀರು ಚೆಲ್ಲಿರಲಿಲ್ಲ.

“ಒಂದಿಂಚು, ಸೊನ್ನೆ ಸೆಂಟಾ ರೈಟ್ರೇ?”

“ಸೊನ್ನೆ ಅಂತ ನಾನೆಲ್ಲಂದೆ?” ಗಾಜನ್ನು ಮೂಗಿನ ತನಕ ತಂದರು. “ಗೆರೆ ಮಂಜಾಗ್ಬುಟ್ಟೈತೆ ಕಣಮ್ಮ. ಇಂಚಿನ ಆಸುಪಾಸು ಐತೆ. ಮುಕ್ಕಾಲೋ, ಒಂದೂಕಾಲೋ... ಕಾಣದ್ದ ಹೆಂಗೇಳ್ಲಿ?”

ಗೆರೆಗಳು ಕಪ್ಪಗೆ ಎದ್ದು ಕಾಣುತ್ತಿದ್ದವು. ಮಂಜಾಗಿದ್ದು ಅವರ ಕಣ್ಣು. ಗಾಜು ಇಸಿದುಕೊಂಡು ನಾನೇ ನೋಡಿದೆ. ನೀರು ಎಪ್ಪತ್ತರ ಗೆರೆ ದಾಟಿತ್ತು, ಎಂಬತ್ತು ಇನ್ನೂ ದೂರವಿತ್ತು.

“ಎಪ್ಪತ್ಮೂರು,” ಎಂದೆ.

“ಮೂರು ಎಲ್ಲಿಂದ ಬಂತಮ್ಮ, ಸೆರಗಿಂದ್ಲಾ?” ಎಂದು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಅಂದೇ ಹಟ ಹಿಡಿದು ಸ್ಪ್ರಿಂಕ್ಲರ್ ಹಾಕಿಸಿದೆ. ತೋಟ ಬೆಳ್ಳಗೆ ಅರಳಿತು. ಆಮೇಲೆ ಗಾಜು ಓದುತ್ತಿದ್ದವಳು ನಾನು, ಕೂಗುತ್ತಿದ್ದವರು ಅವರು. ಊರಿಗೆ ಗೊತ್ತಾಗಲಿಲ್ಲ.

ರೈಟರು ಹೋಗಿ ಬಹಳ ವರ್ಷವಾಯಿತು. ಗಾಜು ಎಲ್ಲಿ ಹೋಯಿತೋ... ಈ ಫೋನಿನ ಏಳು ಯಾರ ಕಣ್ಣಂದಾಜು ಎಂದು ಕೇಳೋಣವೆಂದರೆ, ಬೇಲಿಯಾಚೆ ಯಾರೂ ಇಲ್ಲ.